ನಾಲ್ಕು ಮನೆ ಆಚೆಗಿರೋ ಮೆಂಬರ್ ಹತ್ರ ಲೆಕ್ಕ ಕೇಳಿದ ದಿನ

ನಮ್ಮೂರಲ್ಲಿ ಪ್ರಧಾನಮಂತ್ರಿನ, ಮುಖ್ಯಮಂತ್ರಿನ ಪ್ರಶ್ನೆ ಮಾಡೋಕೆ ಯಾರಿಗೂ ಭಯ ಇಲ್ಲ, ಟೀ ಅಂಗಡಿ ಮುಂದೆ ಕೂತ್ರೆ ಡೆಲ್ಲಿ ತನಕ ಎಲ್ಲರನ್ನೂ ತರಾಟೆಗೆ ತಗೋತಾರೆ. ಆದ್ರೆ ನಾಲ್ಕು ಮನೆ ಆಚೆ ಇರೋ ಗ್ರಾಮ ಪಂಚಾಯ್ತಿ ಮೆಂಬರ್ ಹತ್ರ ಹೋಗಿ ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ ಅಂತ ಕೇಳೋಕೆ ಬಾಯೇ ಬರಲ್ಲ. ಯಾಕಂದ್ರೆ ಅವರ ಮನೆ ಮದುವೇಲಿ ನಾವು ಬಡಿಸಿರ್ತೀವಿ, ನಮ್ಮನೆ ಸಾವಿಗೆ ಅವರು ಬಂದು ಹೆಗಲು ಕೊಟ್ಟಿರ್ತಾರೆ, ನಾಳೆ ಮನೆ ಖಾತೆಗೋ ಆಶ್ರಯ ಮನೆ ಲಿಸ್ಟಿಗೋ ಅವರ ಹತ್ರಾನೇ ಹೋಗ್ಬೇಕು. ಈ ಮುಲಾಜು ಇದೆಯಲ್ಲ, ನನ್ನ ಪ್ರಕಾರ ಲಂಚಕ್ಕಿಂತ ಇದೇ ನಮ್ಮ ಪಂಚಾಯ್ತಿಗಳನ್ನ ಜಾಸ್ತಿ ಹಾಳು ಮಾಡಿರೋದು. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಂಚಾಯ್ತಿ ಜಮಾಬಂದಿ ದಿನ ಆ ಮುಲಾಜನ್ನ ಒಂದು ಬೆಳಗ್ಗೆ ಮಟ್ಟಿಗಾದ್ರೂ ಪಕ್ಕಕ್ಕೆ ಇಟ್ವಿ, ಅದನ್ನೇ ಇಲ್ಲಿ ಬರೀತಿದೀನಿ.

ಜಮಾಬಂದಿ ಅಂದ್ರೆ ಏನು ಅಂತ ನಮ್ಮೂರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯ್ತಿಲೂ ಹಿಂದಿನ ಹಣಕಾಸು ವರ್ಷದ ಜಮಾ ಖರ್ಚನ್ನ ಜನರ ಮುಂದೆ ಓದ್ಬೇಕು, ಕಡತ ತೋರಿಸ್ಬೇಕು, ತಾಲೂಕಿಂದ ಬಂದ ಅಧಿಕಾರಿ ಜನರನ್ನ ಕರ್ಕೊಂಡು ಹೋಗಿ ಕಾಮಗಾರಿ ಆಗಿರೋ ಜಾಗಾನೂ ನೋಡ್ಬೇಕು. ಗ್ರಾಮಸಭೇಲಿ ಮುಂದೆ ಏನು ಬೇಕು ಅಂತ ಕೇಳ್ತಾರೆ, ಜಮಾಬಂದೀಲಿ ಆಗಿ ಹೋಗಿದ್ದಕ್ಕೆ ಲೆಕ್ಕ ಕೊಡ್ತಾರೆ. ನನಗೇನೋ ಎರಡನೇದೇ ಮುಖ್ಯ ಅನ್ಸುತ್ತೆ. ಆದ್ರೆ ಬಹಳ ಕಡೆ ಇದು ಪಂಚಾಯ್ತಿ ಆಫೀಸಿನ ಒಳಗೆ ಮೆಂಬರ್‌ಗಳು, ವಾಟರ್‌ಮ್ಯಾನ್, ಬಿಲ್ ಕಲೆಕ್ಟರ್ ಸೇರ್ಕೊಂಡು ಒಂದು ಗಂಟೇಲಿ ಮುಗಿಸಿ ಫೋಟೋ ಹೊಡ್ಕೊಂಡು ಹೋಗೋ ಕಾರ್ಯಕ್ರಮ ಆಗ್ಬಿಟ್ಟಿದೆ. ನಮ್ಮಲ್ಲೂ ಹಾಗೇ ಇತ್ತು.

ನಾನು ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋಳು. ವಾರಕ್ಕೊಂದು ಸಲ ಕೂತು ಯಾರು ಎಷ್ಟು ಕಟ್ಟಿದ್ರು, ಯಾರ ಸಾಲ ಎಷ್ಟು ಬಾಕಿ ಅಂತ ಎಲ್ಲರ ಎದುರಿಗೇ ಓದಿ ಸಹಿ ಹಾಕಿಸೋದು ನಮ್ಮ ಪದ್ಧತಿ, ಹತ್ತು ರೂಪಾಯಿ ವ್ಯತ್ಯಾಸ ಬಂದ್ರೂ ಆವತ್ತು ಮೀಟಿಂಗ್ ಮುಗಿಯಲ್ಲ. ಒಂದು ವಾರ ಹೀಗೇ ಕೂತಿದ್ದಾಗ ಕೆಳಗಿನ ಬೀದಿ ಅಕ್ಕ ಒಬ್ರು ಹೇಳಿದ್ರು, ನಮ್ಮ ಸಂಘದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಕೇಳ್ತೀವಿ, ನಮ್ಮ ಬೀದಿ ಚರಂಡಿ ಲೆಕ್ಕ ಯಾರು ಕೇಳ್ತಾರೆ ಅಂತ. ಆ ಚರಂಡಿ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಹಿಂದಿನ ವರ್ಷ ಕಟ್ಟಿದ್ದು. ಮೇಲಿನ ಗುಡಿ ಹತ್ರ ಶುರುವಾಗಿ ಹಳ್ಳಕ್ಕೆ ಸೇರ್ಬೇಕಿತ್ತು, ಮಧ್ಯದಲ್ಲೇ ಒಂದು ಮನೆ ಮುಂದೆ ನಿಂತುಹೋಗಿ ಇಡೀ ಬೀದಿ ಬಚ್ಚಲು ನೀರೆಲ್ಲ ಅಲ್ಲೇ ಹರಡ್ಕೊಂಡು ಕೆಸರು. ಮಳೆಗಾಲದಲ್ಲಿ ಶಾಲೆ ಮಕ್ಕಳು ಅದನ್ನ ದಾಟ್ಕೊಂಡೇ ಹೋಗ್ಬೇಕು, ಆ ವರ್ಷ ಎರಡು ಮನೇಲಿ ಡೆಂಗ್ಯೂ ಬೇರೆ ಬಂದಿತ್ತು.

ಬರೀ ಬಾಯಲ್ಲಿ ಕೇಳಿದ್ರೆ ಬಾಯಲ್ಲೇ ಉತ್ತರ ಕೊಟ್ಟು ಕಳಿಸ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಸಂಘದ ಒಬ್ಬರ ಮಗಳು ಡಿಗ್ರಿ ಓದ್ತಾ ಇದ್ಲು, ಅವಳೇ ಪಂಚಾಯ್ತಿಗಳ ಲೆಕ್ಕ ಇರೋ ಸರ್ಕಾರದ ಇ-ಗ್ರಾಮ್‌ಸ್ವರಾಜ್ ಸೈಟಲ್ಲಿ ನಮ್ಮ ಪಂಚಾಯ್ತಿ ಹೆಸರು ಹಾಕಿ ಆ ಕೆಲಸಕ್ಕೆ ದುಡ್ಡು ಹೋಗಿರೋದು ತೋರಿಸಿದ್ಲು, ಯಾವ ತಾರೀಕು, ಎಷ್ಟು ಅಂತ ಎಲ್ಲ ಫೋನಲ್ಲೇ ಬಂತು. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ವಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಜೊತೆಗೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರೋ ಹಾಗಿಲ್ಲ, ಒಂದು ಅರ್ಜೀಲಿ ಒಂದೇ ವಿಷಯ, ಹಾಗಾಗಿ ಕಷ್ಟ ಸುಖ ಏನೂ ಬರೀದೆ ಎಸ್ಟಿಮೇಟ್, ಎಂ ಬುಕ್ (ಆಗಿರೋ ಕೆಲಸದ ಅಳತೆ ಬರೆಯೋ ಪುಸ್ತಕ) ಪುಟ, ಬಿಲ್ ಇಷ್ಟರ ನಕಲು ಬೇಕು ಅಂತ ಮಾತ್ರ ಬರೆದ್ವಿ. 30 ದಿನದೊಳಗೆ ಕೊಡ್ಬೇಕು ಅನ್ನೋದು ಕಾನೂನು, ಕೊನೇ ಘಳಿಗೆಗೆ ಕೊಟ್ರು, ಪುಟಕ್ಕೆ ಎರಡು ರೂಪಾಯಿ ಹಾಗೆ ಕಟ್ಟಿ ತಗೊಂಡ್ವಿ. ನೋಡಿದ್ರೆ ಎಂ ಬುಕ್‌ನಲ್ಲಿ 120 ಮೀಟರ್ ಅಂತ ಬರೆದು ಮೂರೂವರೆ ಲಕ್ಷ ಬಿಲ್ ಆಗಿದೆ. ನಮ್ಮ ಕಣ್ಣಿಗೆ ಅದು ನೂರು ಮೀಟರ್ ಕೂಡ ಇರಲಿಲ್ಲ.

ಕಷ್ಟ ಏನಪ್ಪ ಅಂದ್ರೆ ಆ ವಾರ್ಡಿನ ಮೆಂಬರ್ ನನಗೆ ಅಕ್ಕ ಆಗ್ಬೇಕು, ದೊಡ್ಡಪ್ಪನ ಮಗಳು. 2020ರ ಡಿಸೆಂಬರ್ ಚುನಾವಣೇಲಿ ಆ ಸೀಟು ಮಹಿಳೆಗೆ ಬಂದಿತ್ತು, ಪಂಚಾಯ್ತಿ ಎಲೆಕ್ಷನ್‌ಗೆ ಪಾರ್ಟಿ ಚಿಹ್ನೆ ಇರಲ್ಲವಲ್ಲ, ಮನೆತನ ನೋಡಿ ಓಟು ಬೀಳೋದು, ನಾವೇ ಮನೆ ಮನೆಗೆ ಹೋಗಿ ಕರಪತ್ರ ಹಂಚಿದ್ವಿ. ಜಮಾಬಂದಿ ಹಿಂದಿನ ರಾತ್ರಿ ಅಮ್ಮ ಊಟಕ್ಕೆ ಬಡಿಸ್ತಾ, ನಾಳೆ ನೀನು ಹೋಗ್ಬೇಡ, ನೆಂಟಸ್ತಿಕೆ ಕೆಡುತ್ತೆ, ಬೇರೆ ಯಾರಾದ್ರೂ ಕೇಳ್ಲಿ ಬಿಡು ಅಂದ್ರು. ಬೇರೆ ಯಾರು ಅಮ್ಮ, ಆ ಬೀದೀಲಿ ಯಾರು ನಮಗೆ ನೆಂಟರಲ್ಲ ಹೇಳು ಅಂದೆ. ಅಮ್ಮ ಸುಮ್ಮನಾದ್ರು, ಬೆಳಗ್ಗೆ ನೋಡಿದ್ರೆ ನನಗಿಂತ ಮುಂಚೆ ಸೀರೆ ಉಟ್ಕೊಂಡು ಹೊರಗೆ ನಿಂತಿದ್ರು.

ಸಭೆ ಪಂಚಾಯ್ತಿ ಹಾಲ್‌ನಲ್ಲಿ, ತಾಲೂಕಿಂದ ಬಂದ ನೋಡಲ್ ಅಧಿಕಾರಿ ಬೇರೆ ಇಲಾಖೆಯವರು, ತಾಳ್ಮೆ ಇರೋ ಮನುಷ್ಯ. ಪಿಡಿಒ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಜಮಾ ಖರ್ಚು ಓದೋಕೆ ಶುರು ಮಾಡಿದ್ರು, ತೆರಿಗೆ ವಸೂಲಿ ಇಷ್ಟು, ಕರೆಂಟ್ ಬಿಲ್ ಇಷ್ಟು, ಸಿಬ್ಬಂದಿ ಸಂಬಳ ಇಷ್ಟು ಅಂತ ಎಷ್ಟು ಸ್ಪೀಡಾಗಿ ಅಂದ್ರೆ ಯಾವುದು ಜಮಾ ಯಾವುದು ಖರ್ಚು ತಿಳಿಯೋ ಹಾಗಿಲ್ಲ. ನಾವು ಸಂಘದ ಹೆಂಗಸರು ಇಪ್ಪತ್ತು ಜನದ ಮೇಲೇ ಇದ್ವಿ, ನಿಧಾನಕ್ಕೆ ಓದಿ ಸಾರ್, ನಮಗೆ ಬರ್ಕೋಬೇಕು ಅಂದ್ವಿ. ಅಷ್ಟಕ್ಕೇ ಹಾಲ್‌ನ ಗಾಳಿ ಬದಲಾಯ್ತು, ಯಾಕಂದ್ರೆ ಯಾರೂ ಯಾವತ್ತೂ ಪೆನ್ನು ನೋಟ್‌ಬುಕ್ ತಂದಿರಲಿಲ್ಲ. ಚರಂಡಿ ವಿಷಯ ಬಂದಾಗ ನಾನು ಎದ್ದು ಎಂ ಬುಕ್ ನಕಲು ತೋರಿಸಿ 120 ಮೀಟರ್ ಎಲ್ಲಿದೆ ಅಂತ ಕೇಳಿದೆ.

ಮೊದಲು ಅಧ್ಯಕ್ಷರು, ಅದು ನನ್ನ ಪೀರಿಯಡ್ ಅಲ್ಲ ಅಂದ್ರು. ಅದೇನೋ ನಿಜಾನೇ, ಅಧ್ಯಕ್ಷರ ಅವಧಿ 30 ತಿಂಗಳು, ಇವರು ಬಂದು ಇನ್ನೂ ಕೆಲವೇ ವಾರ, ಲೆಕ್ಕ ಇದ್ದಿದ್ದು 2022-23ರದ್ದು. ಆದ್ರೆ ಪಂಚಾಯ್ತಿಗೆ ಪೀರಿಯಡ್ ಇಲ್ಲವಲ್ಲ ಸಾರ್, ದುಡ್ಡು ಹೋಗಿರೋದು ಪಂಚಾಯ್ತಿ ಖಾತೆಯಿಂದ ತಾನೇ ಅಂದೆ. ಇಂಜಿನಿಯರ್ ಎದ್ದು ಕ್ವಾಂಟಿಟಿ ಅಡ್ಜಸ್ಟ್ ಆಗಿದೆ ಮೇಡಂ, ಉಳಿದಿದ್ದಕ್ಕೆ ಮೇಲೆ ಸ್ಲ್ಯಾಬ್ ಹಾಕಿದೀವಿ ಅಂತ ಏನೋ ಹೇಳಿದ್ರು. ಆಗ ಮೆಂಬರ್ ಕುರ್ಚೀಲಿ ಕೂತಿದ್ದ ಭಾವ, ಅಂದ್ರೆ ಅಕ್ಕನ ಗಂಡ, ಎದ್ದು ನಿಂತು, ಮನೆ ಮಗಳಾಗಿ ನೀನೇ ಹೀಗೆ ಬೀದೀಲಿ ಕೇಳೋದಾ, ಮನೆಗೆ ಬಂದು ಕೇಳ್ಬಾರದಿತ್ತಾ ಅಂತ ಜೋರು ಮಾಡಿದ್ರು. ನನ್ನ ಕೈ ನಡುಗ್ತಾ ಇತ್ತು. ನಾನು ಏನಾದ್ರೂ ಹೇಳೋ ಮುಂಚೆ ಹಿಂದಿಂದ ಮೂಲೆಮನೆ ಅಜ್ಜಿ, "ಲೋ ಮಗಾ, ನಾನು ಓಟು ಒತ್ತಿದ್ದು ನಿನ್ನ ಹೆಂಡ್ತಿಗೆ ಕಣೋ, ಅವಳೆಲ್ಲಿ? ಅವಳನ್ನ ಕರಿ, ಅವಳು ಹೇಳ್ಲಿ" ಅಂದ್ರು. ನೋಡಲ್ ಅಧಿಕಾರಿನೂ, ಸದಸ್ಯರ ಬದಲು ಮನೆಯವರು ಕೂರೋ ಹಾಗಿಲ್ಲ, ಸದಸ್ಯರು ಬರೋ ತನಕ ಕಾಯೋಣ ಅಂತ ಪೆನ್ನು ಕೆಳಗಿಟ್ರು.

ಕಾಯೋ ಹೊತ್ತಲ್ಲಿ, ಈಗಿನ ಗ್ರಾಮ ಪಂಚಾಯ್ತಿಗೆ ಮುಂಚೆ ಇದ್ದ ಮಂಡಲ ಪಂಚಾಯ್ತಿ ಕಾಲದಲ್ಲಿ ಮೆಂಬರ್ ಆಗಿದ್ದ ತಾತ ಒಬ್ರು ಹಳೇದೆಲ್ಲ ಹೇಳ್ತಾ ಇದ್ರು. ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅಂತಾನೇ ಹೆಸರಾಗಿದ್ದ ಅಬ್ದುಲ್ ನಜೀರ್ ಸಾಬ್ ಮಂತ್ರಿ ಆಗಿದ್ದಾಗ 1987ರಲ್ಲಿ ಎಲೆಕ್ಷನ್ ಆಗಿದ್ದು, ಆಗಲೇ ಹೆಂಗಸರಿಗೆ ನೂರಕ್ಕೆ 25 ಸೀಟು ಕೊಟ್ಟಿದ್ದು, ಮೊದಲ ಸಲ ಹೆಂಗಸರು ಗಂಡಸರ ಸಾಲಲ್ಲಿ ಕುರ್ಚಿ ಮೇಲೆ ಕೂತಿದ್ದು. ಈಗ ಅರ್ಧ ಸೀಟು ಹೆಂಗಸರದ್ದೇ. ಆದ್ರೂ ಆ ಕುರ್ಚಿ ಮೇಲೆ ಇನ್ನೂ ಭಾವ ಕೂತಿದ್ದು ನೋಡಿ ನನಗೆ ತುಂಬಾ ಬೇಜಾರಾಗಿತ್ತು, ಅಕ್ಕ ಪಿಯುಸಿ ಪಾಸಾಗಿರೋಳು, ಭಾವನಿಗಿಂತ ಚೆನ್ನಾಗಿ ಲೆಕ್ಕ ಗೊತ್ತಿರೋಳು.

ಅಕ್ಕ ಬಂದ್ಲು. ಯಾರನ್ನೂ ನೋಡ್ಲಿಲ್ಲ, ಹಾಲ್‌ನಲ್ಲಿ ಕೂತು ಮಾತಾಡೋದು ಬೇಡ, ಎಲ್ಲರೂ ಜಾಗಕ್ಕೇ ಹೋಗೋಣ, ಟೇಪ್ ತಗೊಳ್ಳಿ ಅಂದ್ಲು. ಎಲ್ಲರೂ ನಡ್ಕೊಂಡು ಹೋದ್ವಿ. ಇಂಜಿನಿಯರ್ ಟೇಪ್‌ನ ಒಂದು ತುದಿ ಅಮ್ಮ ಹಿಡಿದ್ರು, ಇನ್ನೊಂದು ತುದಿ ವಾಟರ್‌ಮ್ಯಾನ್, ನಾನು ಜೋರಾಗಿ ಓದಿ ಹೇಳೋದು, ಅಧಿಕಾರಿ ಬರ್ಕೊಳ್ಳೋದು. 86 ಮೀಟರ್ ಬಂತು. ದಾಟೋಕೆ ಅಂತ ಹಾಕಿದ್ದ ಸ್ಲ್ಯಾಬ್ ಮೂರು. ಚರಂಡಿ ನಿಂತಿದ್ದ ಮನೆ ಮುಂದೆ ಅಕ್ಕ ನಿಂತು ಬಾಯಿ ಬಿಟ್ಲು. ಈ ಮನೆಯವರು ಕಾಂಪೌಂಡನ್ನ ರಸ್ತೆಗೆ ತಂದಿದ್ದಾರೆ, ಅಗೆಯೋಕೆ ಬಂದಾಗ ಮಲಗಿಬಿಡ್ತೀವಿ ಅಂತ ಗಲಾಟೆ ಮಾಡಿದ್ರು, ಕಂಟ್ರಾಕ್ಟರು ಅಲ್ಲಿಗೇ ಬಿಟ್ಟು ಹೋದ, ಆಮೇಲೆ ಮಾಡ್ತೀನಿ ಅಂತ ಪೂರ್ತಿ ಬಿಲ್ ತಗೊಂಡ, ಬೇಡ ಅಂತ ನಾನು ಮೀಟಿಂಗಲ್ಲಿ ಹೇಳಿದ್ದೆ, ಆದ್ರೆ ನಡಾವಳೀಲಿ ಬರೆಸಲಿಲ್ಲ, ಮನೇಲೂ ಸುಮ್ಮನಿರು ಅಂದ್ರು ಅಂತ ಒಂದೇ ಉಸಿರಲ್ಲಿ ಹೇಳಿಬಿಟ್ಲು. ಆ ಮನೆ ಯಜಮಾನರು ಅಲ್ಲೇ ಗುಂಪಲ್ಲೇ ಇದ್ರು, ಬೆಳಗ್ಗೆಯಿಂದ ಪಂಚಾಯ್ತೀಲಿ ಎಲ್ಲ ಕಳ್ಳರು ಅಂತ ಎಲ್ಲರಿಗಿಂತ ಜೋರಾಗಿ ಕೂಗ್ತಾ ಇದ್ದಿದ್ದು ಅವರೇ. ಯಾರೂ ಅವರ ಮೇಲೆ ಏರಿ ಹೋಗ್ಲಿಲ್ಲ, ಅಧಿಕಾರಿ ಅವರನ್ನೇ ಕರೆದು, ನಿಮ್ಮ ಸೈಟಿನ ಅಳತೆ ಖಾತೇಲಿ ಎಷ್ಟಿದೆ ನೋಡೋಣ ಅಂದ್ರು, ಅದನ್ನೂ ಅಳೆದ್ರು, ನಾಲ್ಕಡಿ ರಸ್ತೆಗೆ ಬಂದಿತ್ತು.

ಎಲ್ಲಾ ಮುಗೀತು ಅಂತ ಜನ ಹೊರಡ್ತಾ ಇದ್ರು. ನಮ್ಮ ಕೆಲಸ ನಿಜವಾಗಿ ಇದ್ದಿದ್ದು ಅಲ್ಲಿಂದ ಮುಂದಕ್ಕೆ. ನಡಾವಳಿ ಆಮೇಲೆ ಬರ್ಕೋತೀವಿ, ಈಗ ಸಹಿ ಮಾತ್ರ ಹಾಕಿ ಅಂತ ಪುಸ್ತಕ ಮುಂದಿಟ್ರು. ಖಾಲಿ ಪುಟಕ್ಕೆ ಸಹಿ ಹಾಕಲ್ಲ ಸಾರ್, ಬರೀರಿ, ಓದಿ ಹೇಳಿ, ಆಮೇಲೆ ಹಾಕ್ತೀವಿ ಅಂತ ಹೆಂಗಸರೆಲ್ಲ ಅಲ್ಲೇ ಕೂತ್ವಿ. ಊಟದ ಹೊತ್ತು ಮೀರಿತು, ಯಾರೋ ಅವಲಕ್ಕಿ ತಂದ್ರು, ಅಧಿಕಾರಿಗಳಿಗೂ ಕೊಟ್ವಿ. ಅಳತೆ 86 ಮೀಟರ್, ಬಿಲ್ 120 ಮೀಟರ್, ಹೆಚ್ಚುವರಿ ಮೊತ್ತ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡ್ಬೇಕು ಅಥವಾ ಕೆಲಸ ಪೂರ್ತಿ ಮಾಡಿಸ್ಬೇಕು, ಅಳತೆ ಬರೆದ ಇಂಜಿನಿಯರ್‌ಗೆ ನೋಟಿಸ್, ಒತ್ತುವರಿ ತೆರವಿಗೆ ಪಂಚಾಯ್ತಿಯಿಂದ ನೋಟಿಸ್, ಇಷ್ಟನ್ನೂ ಅಕ್ಷರ ಅಕ್ಷರ ಬರೆಸಿ ಓದಿಸಿ ಸಹಿ ಹಾಕಿದ್ವಿ. ಅಕ್ಕ ಹೇಳಿದ್ದನ್ನ ಅವಳ ಹೆಸರು ಹಾಕೇ ಬರೆಸಿದ್ವಿ, ಬರೆಸಲೇಬೇಕು ಅಂತ ಅವಳೇ ಪಟ್ಟು ಹಿಡಿದಿದ್ಲು. ಪುಟದ ಫೋಟೋ ತಗೊಂಡು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ್ಮೇಲೆ ಮನೆಗೆ ಹೋಗಿದ್ದು.

ಓಟು ಹಾಕಿ ಐದು ವರ್ಷ ಕಾಯೋದು, ಆಮೇಲೆ ಸೋಲಿಸೋದು, ಇದೊಂದೇ ಶಿಕ್ಷೆ ಅಂದ್ಕೊಂಡಿರ್ತೀವಿ. ನಮ್ಮ ಅಕ್ಕನ್ನ ಮುಂದಿನ ಸಲ ಸೋಲಿಸಿದ್ರೆ ಏನು ಬರ್ತಿತ್ತು, ಚರಂಡಿ ಬರ್ತಿತ್ತಾ? ಅವಳು ಗೊತ್ತಿದ್ದೂ ಬಾಯಿ ಕಟ್ಟಿಸ್ಕೊಂಡು ಕೂತಿದ್ಲು, ಜನ ಕೇಳಿದ್ರಿಂದ ಅವಳಿಗೂ ಹೇಳೋಕೆ ಜಾಗ ಸಿಕ್ತು. ನಾವು ಕೇಳ್ದೇ ಇದ್ದಾಗ ಒಳ್ಳೇ ಮೆಂಬರ್ ಒಬ್ಬಂಟಿ ಆಗ್ತಾರೆ, ಅದನ್ನ ನಾನು ಕಣ್ಣಾರೆ ನೋಡಿದೆ.

ಆಮೇಲಿನ ಕತೆ ಪೂರ್ತಿ ಸುಖವಾಗೇನೂ ಇಲ್ಲ. ಭಾವ ಬಹಳ ದಿನ ನಮ್ಮನೆ ಕಡೆ ತಲೆ ಹಾಕ್ಲಿಲ್ಲ, ಆ ಕಾಂಪೌಂಡ್ ಮನೆಯವರು ಈಗಲೂ ಅಮ್ಮನ ಹತ್ರ ಮಾತಾಡಲ್ಲ. ಚರಂಡಿ ಉಳಿದ ಭಾಗ ಬೇಸಿಗೆ ಮುಂಚೆ ಆಯ್ತು, ಕಂಟ್ರಾಕ್ಟರೇ ಬಂದು ಮಾಡಿಕೊಟ್ಟ, ಗೋಡೆ ಒಂದು ಕಡೆ ಮಾತ್ರ ಒಡೆದ್ರು. ಇಂಜಿನಿಯರ್ ಮೇಲೆ ಏನು ಕ್ರಮ ಆಯ್ತು ಅಂತ ಮುಂದಿನ ಗ್ರಾಮಸಭೇಲಿ ಕೇಳಿದ್ವಿ, ಪರಿಶೀಲನೇಲಿದೆ ಅಂದ್ರು, ಅದನ್ನೂ ನಡಾವಳೀಲಿ ಬರೆಸಿದ್ವಿ, ಅದರ ಮುಂದಿನ ಸಭೇಲೂ ಕೇಳ್ತೀವಿ. ಅಕ್ಕ ಈಗ ವಾರ್ಡ್ ಸಭೆಗೆ ಕ್ರಿಯಾ ಯೋಜನೆ ಜೆರಾಕ್ಸ್ ಮಾಡಿಸ್ಕೊಂಡು ತರ್ತಾಳೆ, ಸಭೆ ಆರು ತಿಂಗಳಿಗೊಮ್ಮೆ ಆಗ್ಲೇಬೇಕು ಅಂತ ಪಿಡಿಒಗೆ ಅವಳೇ ನೆನಪು ಮಾಡ್ತಾಳೆ. ಹೋದ ಸಭೇಲಿ ಬೀದಿ ದೀಪದ ವಿಷಯ ಬಂತು, ಹೊಸ ಬಲ್ಬು ಎಷ್ಟು ತಂದ್ರಿ, ಯಾವ ಕಂಬಕ್ಕೆ ಹಾಕಿದ್ರಿ, ಸ್ಟಾಕ್ ಬುಕ್ ತೋರಿಸಿ ಅಂತ ಎದ್ದು ಕೇಳಿದ್ದು ಹಾಲಿನ ಡೇರಿ ಅಣ್ಣ, ನಾನು ಬಾಯಿ ತೆಗೆಯೋ ಅವಶ್ಯಕತೆನೇ ಬರಲಿಲ್ಲ.