ಗಾಳಿಮಳೆಗೆ ಮುಂಚೆ ಕಾಂಪೌಂಡಿನ ಹನ್ನೊಂದು ಮರ: ಮುಂಬಯಿಯ ಮುಲುಂಡ್ ಬಡಾವಣೆಯ ವಸತಿ ಸೊಸೈಟಿಯೊಂದರ ಕೆಲಸದ ದಾಖಲೆ

ಮಾರ್ಚ್, ಮೂರನೇ ವಾರ

ನಾಲ್ಕು ಗುಲ್‌ಮೊಹರ್, ಒಂದು ಮಳೆಮರ, ಎರಡು ಬೇವು, ನಾಲ್ಕು ಎಳೆಯ ಬಕುಳ. ಇವನ್ನು ಗಾಳಿಮಳೆಗೆ ಸಜ್ಜು ಮಾಡಲು ಗಡುವು ಮೇ ಮೊದಲ ವಾರ, ಜೂನ್ ಅಲ್ಲ. 2021ರಲ್ಲಿ ತೌಕ್ತೆ ಚಂಡಮಾರುತದ ಗಾಳಿ ಮುಂಬಯಿಯಲ್ಲಿ ಗಂಟೆಗೆ 100 ಕಿ.ಮೀ. ದಾಟಿದ್ದು ಮೇ 17ರಂದು, ಮಳೆಗಾಲ ಕಾಲಿಡುವ ಮೊದಲೇ.

ಗರಗಸ ಆಮೇಲೆ, ಮೊದಲು ಬುಡ. ಗುಲ್‌ಮೊಹರಿನ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ. ಅದರ ಮೇಲೆ ಕಾಂಕ್ರೀಟು ಬಿಗಿದರೆ ನೀರು, ಗಾಳಿ ಸಿಗದೆ ಬೇರು ಸಾಯುತ್ತಾ ಬರುತ್ತದೆ. ಮೇಲೆ ಮರ ಹಸಿರಾಗಿಯೇ ಕಾಣುತ್ತದೆ, ನೆಲ ನೆನೆದ ದಿನ ಬುಡಸಮೇತ ಮಗುಚುತ್ತದೆ. ಪ್ರತಿ ಬುಡದ ಸುತ್ತ 1 ಮೀಟರ್ ಕಾಂಕ್ರೀಟು ಒಡೆದಾಯಿತು. ಬ್ರೇಕರ್ ಮಷಿನ್ ಬೇಡ, ಉಳಿ-ಸುತ್ತಿಗೆಯೇ ಸರಿ: ಮಷಿನ್ನಿನ ಮೊನೆ ಬೇರಿನ ಸಿಪ್ಪೆ ಹರಿಯುತ್ತದೆ. ಮಣ್ಣನ್ನು 2 ಇಂಚಷ್ಟೇ ಸಡಿಲಿಸಿ, 2 ಇಂಚು ಎಲೆಗೊಬ್ಬರ, ಮೇಲೆ 3 ಇಂಚು ತರಗೆಲೆ. ಇವು ಕಾಂಡದಿಂದ ಒಂದು ಗೇಣು ದೂರವಿರಲಿ. ತೊಗಟೆಗೆ ತಾಗಿದರೆ ಕೊಳೆ ಹಿಡಿಯುತ್ತದೆ.

ಗೇಟಿನ ಪಕ್ಕದ ಗುಲ್‌ಮೊಹರ್ ಚಿಂತೆಗೆ ಹಚ್ಚಿದೆ. ನೀರಿನ ಪೈಪಿಗೆಂದು ಹಿಂದೆ ಅಗೆದ ಕಾಲುವೆ ಕಾಂಡದಿಂದ ಎರಡಡಿಯಲ್ಲೇ ಹಾದಿದೆ, ಎರಡು ದಪ್ಪ ಬೇರು ತುಂಡಾಗಿವೆ. ಬುಡದಲ್ಲಿ ಗಟ್ಟಿ ಅಣಬೆ, ತಟ್ಟಿದರೆ ಟೊಳ್ಳು ಸದ್ದು. ಕೊಂಬೆ ಹಗುರ ಮಾಡಿದರೂ ಇದು ಉಳಿಯದು.

ಏಪ್ರಿಲ್

ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯಿದೆಯಂತೆ ಸವರಲು ಅನುಮತಿ ಬೇಕು. ಫೋಟೊಗಳ ಸಹಿತ ಮುಂಬಯಿ ಮಹಾನಗರಪಾಲಿಕೆಯ ಟಿ ವಾರ್ಡಿನ (ಮುಲುಂಡ್ ಸೇರುವ ವಾರ್ಡು) ಉದ್ಯಾನ ವಿಭಾಗಕ್ಕೆ ಅರ್ಜಿ ಹೋಗಿದೆ. ಗೇಟಿನ ಮರದ ತಪಾಸಣೆಯನ್ನೂ ಕೇಳಿದ್ದೇವೆ.

ಮೇ, ಮೊದಲ ವಾರ

ಅನುಮತಿ ಬಂತು, ಛಾಟಣಿ (ಕೊಂಬೆ ಸವರುವ ಕೆಲಸ) ಮುಗಿಯಿತು. ಒಣಗಿದ್ದು, ಸೀಳಿದ್ದು, ಒಂದಕ್ಕೊಂದು ಉಜ್ಜುವ ಕೊಂಬೆ ಮಾತ್ರ. ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ಒಂದೇ ಸಲ ತೆಗೆಯಬಾರದು. ದಪ್ಪ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ, ಅದಕ್ಕಿಂತ ಎರಡು ಇಂಚು ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಬಳೆಯಂಥ ಉಬ್ಬನ್ನು ಮುಟ್ಟದೆ. ಕೆಳಗಿನ ಕೊಯ್ತ ಬಿಟ್ಟರೆ ಕೊಂಬೆ ಬೀಳುವಾಗ ಕಾಂಡದ ಸಿಪ್ಪೆಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಯಕ್ಕೆ ಬಣ್ಣ, ಟಾರು ಬಳಿಯಬೇಕಿಲ್ಲ.

ಮಾಲಿಗಳಿಗೆ (ತೋಟದ ಕೆಲಸದವರಿಗೆ) ಎರಡು ಸಂಗತಿ ಬಿಡಿಸಿ ಹೇಳಲೇಬೇಕು. ಒಳಗಿನ ರೆಂಬೆಗಳನ್ನೆಲ್ಲ ಬೋಳಿಸಿ ಚಾಮರದಂತೆ ತುದಿಯಲ್ಲಷ್ಟೇ ಸೊಪ್ಪು ಬಿಟ್ಟರೆ ಭಾರವೆಲ್ಲ ತುದಿಗೆ ಹೋಗಿ ಕೊಂಬೆ ನಡುವೆ ಮುರಿಯುತ್ತದೆ. ಮರದ ತಲೆ ಕಡಿದರೆ ಆಮೇಲೆ ಚಿಗುರುವ ಕೊಂಬೆಗಳ ಹಿಡಿತ ಸಡಿಲ. ಮೂರ್ನಾಲ್ಕು ಮಳೆಗಾಲದಲ್ಲಿ ಅವೇ ಕಿತ್ತು ಬೀಳುತ್ತವೆ.

ಬಕುಳಗಳಿಗೆ ಎರಡೆರಡು ಬಿದಿರಿನ ಊರುಗೋಲು, ಬೇರಿನ ಹೆಂಟೆಯಿಂದಾಚೆ ಒಂದೂವರೆ ಅಡಿ ಆಳಕ್ಕೆ. ಗಿಡದ ಮೂರನೇ ಒಂದು ಎತ್ತರದಲ್ಲಿ ಹಳೆಯ ಸೈಕಲ್ ಟ್ಯೂಬನ್ನು 8ರ ಆಕಾರದಲ್ಲಿ ಸಡಿಲವಾಗಿ ಸುತ್ತಿದೆ. ತಂತಿ ತೊಗಟೆಯನ್ನು ಕೊರೆಯುತ್ತದೆ. ಗಿಡ ತುಸು ಓಲಾಡಬೇಕು, ಓಲಾಡಿದಷ್ಟೂ ಕಾಂಡ ದಪ್ಪವಾಗುತ್ತದೆ. ವರ್ಷದೊಳಗೆ ಕಟ್ಟು ಬಿಚ್ಚಬೇಕು.

ಬಾಕಿ

ಮಳೆಮರದ ದೊಡ್ಡ ಕವಲು ಇಕ್ಕಟ್ಟಾಗಿದೆ. ನಡುವೆ ತೊಗಟೆ ಒಳಗೇ ಮಡಚಿಕೊಂಡಿರುವುದರಿಂದ ಅಲ್ಲಿ ಮರಕ್ಕೆ ಮರ ಬೆಸೆದಿಲ್ಲ. ಉಕ್ಕಿನ ಕೇಬಲ್ ಬಿಗಿಯಲು ಬಲ್ಲವರೇ ಬೇಕು. ಅಲ್ಲಿಯವರೆಗೆ ಅದರಡಿ ಮತ್ತು ಗೇಟಿನ ಗುಲ್‌ಮೊಹರಿನಡಿ ಕಾರು, ಸ್ಕೂಟರ್ ನಿಲ್ಲಿಸುವಂತಿಲ್ಲ.