ಡಬ್ಬಿ ಬಾರದ ದಿನದ ಊಟ: ಮುಂಬಯಿಯಲ್ಲಿ ಐದು ದಿನ

ಮುಂಬಯಿಗೆ ಇಳಿದ ಮೊದಲ ರಾತ್ರಿಯೇ ಊಟದ ವಿಷಯದಲ್ಲಿ ನಾನು ಮೋಸಹೋದೆ. ಫೋನಿನ ಪರದೆಯ ಮೇಲೆ ಸಾವಿರಾರು ಮಂದಿ ನಕ್ಷತ್ರಗಳನ್ನು ಸುರಿದಿದ್ದ ಹೋಟೆಲೊಂದನ್ನು ಹುಡುಕಿಕೊಂಡು ಹೋಗಿ, ಮುಕ್ಕಾಲು ಗಂಟೆ ಬಾಗಿಲಲ್ಲಿ ಕಾದು, ಹತ್ತು ಪುಟಗಳ ಮೆನುವಿನಿಂದ ಮೂರು ಬಗೆ ಆರಿಸಿ ಹೇಳಿದರೆ, ಒಂದೇ ಗ್ರೇವಿ ಮೂರು ಬಣ್ಣಗಳಲ್ಲಿ ಮೇಜಿಗೆ ಬಂತು. ಕೋಣೆಗೆ ಮರಳಿ ಆ ಅಭಿಪ್ರಾಯಗಳನ್ನು ಮತ್ತೊಮ್ಮೆ ನಿಧಾನವಾಗಿ ಓದಿದಾಗ, ಬಹುಪಾಲು ಜನ ಹೊಗಳಿದ್ದು ಗೋಡೆಯ ದೀಪಗಳನ್ನು, ಹುಟ್ಟುಹಬ್ಬದ ದಿನ ಪುಕ್ಕಟೆ ಕೊಟ್ಟ ಕೇಕನ್ನು ಮತ್ತು ವಾಹನ ನಿಲ್ಲಿಸಲು ಸಿಕ್ಕ ಜಾಗವನ್ನು ಎಂಬುದು ತಿಳಿಯಿತು. ದಾಲ್ ಹೇಗಿತ್ತು ಎಂದು ಯಾರೂ ಬರೆದಿರಲಿಲ್ಲ. ಅದನ್ನು ಮೊದಲೇ ಗಮನಿಸದೆ ಹೋದದ್ದು ನನ್ನ ತಪ್ಪು.

ಅದು ಮೇ ತಿಂಗಳ ಮೊದಲ ವಾರ. ಫೋರ್ಟ್ ಪ್ರದೇಶದ ಕಚೇರಿಯೊಂದರಲ್ಲಿ ಹಳೆಯ ಕಾಗದಪತ್ರಗಳ ಕೆಲಸವಿತ್ತು. ದಿನಕ್ಕೆ ಎರಡು ಗಂಟೆ ಅಲ್ಲಿ ಕೂತರೆ ಉಳಿದ ಹೊತ್ತೆಲ್ಲ ನನ್ನದೇ. ಮರುದಿನ ಅಲ್ಲಿನ ಹಿರಿಯ ಗುಮಾಸ್ತರನ್ನು, ಈ ಸುತ್ತಿನಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಪರವೂರಿನವರಿಗೆ ಎಲ್ಲರೂ ಹೇಳುವ ಒಂದು ದೊಡ್ಡ ಹೆಸರನ್ನೇ ಅವರೂ ಹೇಳಿದರು. ನೀವು ಎಲ್ಲಿ ಊಟ ಮಾಡುತ್ತೀರಿ ಎಂದರೆ, ತಮ್ಮದು ಮನೆಯ ಡಬ್ಬಿ ಎಂದು ನಕ್ಕರು. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಆರಂಭಿಸಿದ, ಮನೆಯ ಊಟವನ್ನು ಕಚೇರಿಗೆ ಮುಟ್ಟಿಸುವ ಡಬ್ಬಾವಾಲಾಗಳ ಏರ್ಪಾಡು ಇನ್ನೂ ನಡೆಯುತ್ತಿದ್ದು, ಮಧ್ಯಾಹ್ನದ ಹೊತ್ತಿಗೆ ಬಿಳಿ ಟೋಪಿಯವರೊಬ್ಬರು ಅವರ ಡಬ್ಬಿಯನ್ನು ಕಚೇರಿಯ ಮೂಲೆಯಲ್ಲಿಟ್ಟು ಹೋಗುವುದನ್ನು ನಾನೂ ಕಂಡೆ. ಮಾತು ಅಲ್ಲಿಗೇ ನಿಲ್ಲಬಾರದೆಂದು, "ಹಾಗಾದರೆ ಡಬ್ಬಿ ಬಾರದ ದಿನ ಎಲ್ಲಿಗೆ ಹೋಗುತ್ತೀರಿ, ಸಾಹೇಬ್?" ಎಂದೆ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು, ದನಿ ತಗ್ಗಿಸಿದರು, ಮೂರು ಗಲ್ಲಿ ದಾಟಿ ಎಡಕ್ಕೆ ತಿರುಗುವ ದಾರಿಯನ್ನು ಕಾಗದದ ಮೇಲೆ ಗೀಚಿಕೊಟ್ಟರು. ಉಳಿದ ದಿನಗಳಲ್ಲಿ ಈ ನಗರದಲ್ಲಿ ಎಲ್ಲೆಲ್ಲಿ ಊಟ ಹುಡುಕಿದೆನೋ ಅಲ್ಲೆಲ್ಲ ಇದೊಂದೇ ಪ್ರಶ್ನೆಯನ್ನು ಕೇಳಿದೆ.

ಆ ದಾರಿ ನನ್ನನ್ನು ಮುಟ್ಟಿಸಿದ್ದು ಕರಾವಳಿಯವರ ಒಂದು ಲಂಚ್ ಹೋಮಿಗೆ. ಬ್ಯಾಂಕು, ಕೋರ್ಟು, ಹಡಗಿನ ಕಂಪನಿಗಳ ನೌಕರರಿಗೆ ಮಧ್ಯಾಹ್ನದ ಮೀನೂಟ ಬಡಿಸುತ್ತ ಬೆಳೆದ ಇಂಥ ಊಟದ ಮನೆಗಳು ಫೋರ್ಟಿನ ಗಲ್ಲಿಗಳಲ್ಲಿ ಹಲವಿವೆ. ಹೊರಗಿನಿಂದ ನೋಡಿದರೆ ಒಳಗೆ ಹೋಗಬೇಕೆನಿಸುವ ಚೆಂದವೇನೂ ಇಲ್ಲ. ನಾನು ಫೋನಿನಲ್ಲಿ ಕನ್ನಡ ಮಾತನಾಡುತ್ತಿದ್ದುದನ್ನು ಕೇಳಿಸಿಕೊಂಡ ಬಡಿಸುವಾತ ನೀರಿನ ಲೋಟ ಇಡುತ್ತಲೇ, "ಬಂಗುಡೆ ಇವತ್ತು ಅಷ್ಟು ಒಳ್ಳೆಯದಿಲ್ಲ ಮಾರಾಯ್ರೆ, ಕಾಣೆ ತೆಗೊಳ್ಳಿ" ಎಂದ. ನೀರುದೋಸೆಯೂ ಗಸಿಯೂ ಚೆನ್ನಾಗಿದ್ದವು. ಕಾಣೆಯ ಹುರಿದ ಅಂಚು ಹಲ್ಲಿಗೆ ಸಿಕ್ಕಿ ಮುರಿಯುತ್ತಿತ್ತು. ಆದರೆ ನನಗೆ ಆ ಊಟಕ್ಕಿಂತ ಹೆಚ್ಚಾಗಿ ನೆನಪಿರುವುದು "ಇದು ಬೇಡ" ಎಂಬ ಆ ಮಾತು. ತನ್ನ ಅಡುಗೆಮನೆಯಲ್ಲಿರುವ ಯಾವುದೋ ಒಂದನ್ನು ಗಿರಾಕಿಗೆ ಬೇಡವೆನ್ನುವ ಧೈರ್ಯವಿರುವ ಜಾಗದಲ್ಲಿ ಉಳಿದದ್ದನ್ನು ಕಣ್ಣು ಮುಚ್ಚಿ ತಿನ್ನಬಹುದೆಂದು ನಾನು ಅಂದಿನಿಂದ ನಂಬಿದ್ದೇನೆ. ಅಂದಹಾಗೆ, ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮೀನಿಗಾಗಿಯೇ ಮುಂಬಯಿಗೆ ಬರುವವರು ಆ ಎರಡು ತಿಂಗಳನ್ನು ತಪ್ಪಿಸುವುದು ಮೇಲು.

ಮೂರನೆಯ ದಿನ ಅದೇ ಗುಮಾಸ್ತರ ಮಾತಿನಂತೆ ಬಲ್ಲಾರ್ಡ್ ಎಸ್ಟೇಟಿಗೆ ನಡೆದೆ. ಸಮುದ್ರ ತುಂಬಿಸಿ ಪಡೆದ ನೆಲದ ಮೇಲೆ ಒಂದೇ ಅಚ್ಚಿನಲ್ಲಿ ಕಟ್ಟಿದ ಕಲ್ಲಿನ ಕಚೇರಿಗಳ ನಡುವೆ, 1923ರಿಂದ ನಡೆದುಬಂದಿರುವ ಬ್ರಿಟಾನಿಯಾ ಅಂಡ್ ಕಂಪನಿ ಎಂಬ ಪಾರಸಿ ಊಟದ ಮನೆಯಿದೆ. ಇದು ಮಧ್ಯಾಹ್ನದ ಊಟಕ್ಕೆ ಹೆಸರಾದ ಜಾಗ. ಕಚೇರಿಗಳು ಖಾಲಿಯಾಗುವ ಹೊತ್ತಿಗೆ ಬೀದಿಯೇ ಖಾಲಿಯಾಗುವುದರಿಂದ ಅದು ಸಹಜವೂ ಹೌದು. ಇಲ್ಲಿನ ಬೆರ್ರಿ ಪುಲಾವಿನ ಮೇಲೆ ಉದುರಿಸುವ ಸಣ್ಣ ಕೆಂಪು ಹಣ್ಣು ಇರಾನಿನದು, ಅಲ್ಲಿನವರು ಅದನ್ನು ಜೆರೆಶ್ಕ್ ಎನ್ನುತ್ತಾರೆ. ಹುಣಸೆಯ ಹುಳಿಗೆ ಒಗ್ಗಿದ ನಾಲಗೆಗೆ ಆ ಹುಳಿ ಮೊದಲು ಒಗಟಿನಂತೆ ತೋರಿತಾದರೂ ನಾಲ್ಕನೆಯ ತುತ್ತಿನ ಹೊತ್ತಿಗೆ ನಾನು ಅನ್ನದ ಅಗುಳುಗಳ ನಡುವೆ ಅದನ್ನೇ ಹೆಕ್ಕತೊಡಗಿದ್ದೆ.

ಆ ಸಂಜೆ ಕಾಲ್ಬಾದೇವಿಗೆ ಹೋದೆ. ಬಟ್ಟೆ ವ್ಯಾಪಾರದ ಬೀದಿಗಳವು. ತಲೆಯ ಮೇಲೆ ಥಾನುಗಳನ್ನು ಹೊತ್ತವರು ಎದುರಾದಾಗ ಗೋಡೆಗೆ ಒರಗಿ ದಾರಿ ಬಿಡಬೇಕು. ಅಂಗಡಿಯವರೊಬ್ಬರಲ್ಲಿ ನನ್ನ ಪ್ರಶ್ನೆಯನ್ನು ಇಟ್ಟಾಗ ಅವರು, ತಮ್ಮ ತಂದೆಗೆ ಡಬ್ಬಿ ಎಂಬುದೇ ಇರಲಿಲ್ಲ, ಮನೆಮಂದಿ ಕಚ್ಛ್‌ನಲ್ಲಿ, ಅಪ್ಪ ಇಲ್ಲಿ, ಎರಡು ಹೊತ್ತೂ ಭೋಜನಾಲಯವೇ ಎಂದರು. ದಾದಿಶೇಟ್ ಅಗಿಯಾರಿ ಗಲ್ಲಿಯ ಶ್ರೀ ಠಾಕರ್ ಭೋಜನಾಲಯ 1945ರದು. ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಮೆನುವಿನ ಗೊಡವೆಯೇ ಇಲ್ಲ. ಕೂತ ಕೂಡಲೇ ತಟ್ಟೆ ಬರುತ್ತದೆ, ತಟ್ಟೆಯ ಬಟ್ಟಲುಗಳು ತುಂಬುತ್ತವೆ, ತುಪ್ಪ ಸವರಿದ ಫುಲ್ಕಾ ಬೇಡವೆಂದರೂ ಬಂದು ಬೀಳುತ್ತದೆ. ಗುಜರಾತಿ ದಾಲಿನ ಸಿಹಿಯನ್ನು ದೂರುವ ಅಭ್ಯಾಸ ನಮ್ಮವರಲ್ಲಿ ಬಹಳ. ಬೆಲ್ಲಕ್ಕೆ ಕೋಕಮ್ಮಿನ ಹುಳಿ ಸರಿಯಾಗಿ ಕೂಡಿದಾಗ ಅದು ದೂರಲಾಗದ ಸಾರು ಎಂಬುದು ನನ್ನ ಅಭಿಪ್ರಾಯ. ಊರು ಬಿಟ್ಟು ಬಂದು, ಒಲೆಯಿಲ್ಲದ ಕೋಣೆಗಳಲ್ಲಿ ಮಲಗುತ್ತಿದ್ದ ಗಂಡಸರಿಗಾಗಿ ಹುಟ್ಟಿದ ಅಡುಗೆಯೇ ಈ ನಗರದ ಒಳ್ಳೆಯ ಅಡುಗೆ ಎಂಬ ಯೋಚನೆ ನನಗೆ ಮೊದಲು ಬಂದದ್ದು ಆ ಮೆಟ್ಟಿಲಿಳಿಯುವಾಗ.

ಮಾಟುಂಗಾದಲ್ಲಿ ಆ ಯೋಚನೆ ಗಟ್ಟಿಯಾಯಿತು. ಆದರೆ ಅಲ್ಲಿಗೆ ಹೋಗುವಾಗ ಹೊಸಬರು ಮಾಡುವ ತಪ್ಪನ್ನು ನಾನೂ ಮಾಡಿದೆ. ಪಶ್ಚಿಮ ಮಾರ್ಗದಲ್ಲಿರುವುದು ಮಾಟುಂಗಾ ರೋಡ್, ಮಧ್ಯ ಮಾರ್ಗದಲ್ಲಿರುವುದು ಮಾಟುಂಗಾ, ಹಾರ್ಬರ್ ಮಾರ್ಗದಲ್ಲಿರುವುದು ಕಿಂಗ್ಸ್ ಸರ್ಕಲ್. ನಾನು ಮೊದಲನೆಯದರಲ್ಲಿ ಇಳಿದು, ಬಿಸಿಲಲ್ಲಿ ಹಳಿಗಳ ಮೇಲಿನ ಉದ್ದನೆಯ ಸೇತುವೆ ದಾಟಿ ಎರಡನೆಯದರ ಬದಿಗೆ ಬಂದೆ. ಹಸಿವು ಹೆಚ್ಚಿಸಿಕೊಳ್ಳಲು ಅದೂ ಒಂದು ಉಪಾಯ. ನಿಲ್ದಾಣದ ಹತ್ತಿರದ ಮಾರುಕಟ್ಟೆ ಕಟ್ಟಡದ ಮಹಡಿಯಲ್ಲಿ, ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಹಾಕುತ್ತಿದೆ. ಹೆಸರಿನಲ್ಲಿರುವ "ಬೋರ್ಡಿಂಗ್" ಎಂಬ ಮಾತನ್ನು ಗಮನಿಸಬೇಕು: ಕಚೇರಿ ಕೆಲಸಕ್ಕಾಗಿ ದಕ್ಷಿಣದಿಂದ ಬಂದ ಯುವಕರು ಈ ಸುತ್ತಿನ ಕೋಣೆಗಳಲ್ಲಿ ಮೂರು ನಾಲ್ಕು ಜನ ಸೇರಿ ಇರುತ್ತಿದ್ದ ಕಾಲದ ಗುರುತು ಅದು. ಗಲ್ಲಾದಲ್ಲಿ ಕೂಪನ್ ಪಡೆದು ಸರದಿಗಾಗಿ ಕಾಯುವ ಪದ್ಧತಿ. ನನ್ನ ಪಕ್ಕದಲ್ಲಿ ಕಾಯುತ್ತಿದ್ದ ಮರಾಠಿ ದಂಪತಿ ಡೋಂಬಿವಲಿಯಿಂದ ಬಂದಿದ್ದರು. "ಇಲ್ಲಿಯ ಸಾರಿಗಾಗಿ ಎರಡು ಗಂಟೆ ಕಳೆದರೂ ನಷ್ಟವಿಲ್ಲ" ಎಂದು ಆಕೆ ಹೇಳಿದರೆ, ಆತ ಕೈಗಡಿಯಾರ ನೋಡಿಕೊಂಡು ಸುಮ್ಮನಿದ್ದರು.

ಬಾಳೆಎಲೆಯ ಮೇಲೆ ಬಂದದ್ದು ನಮಗೆ ಗೊತ್ತಿರುವ ಊಟವೇ: ಪಲ್ಯ, ಕೂಟು, ಸಾಂಬಾರು, ಸಾರು, ಮಜ್ಜಿಗೆ. ಹೊಸದೇನೂ ಇಲ್ಲದ ಊಟಕ್ಕೆ ಅಷ್ಟು ದೂರ ಹೋಗಬೇಕೇ ಎಂದು ಯಾರಾದರೂ ಕೇಳಿಯಾರು. ನಾನು ಹೋದದ್ದು ಆ ಕೈ ಎಷ್ಟು ಹದವಾಗಿದೆ ಎಂದು ನೋಡಲು. ಸಾರಿನಲ್ಲಿ ಹುಳಿ ಮುಂದೆ ಬಂದು ಖಾರ ಹಿಂದೆ ನಿಂತಿತ್ತು, ತೊಗರಿಬೇಳೆಯ ತಿಳಿ ಬೆರಳಿಗೆ ಅಂಟದಷ್ಟು ತೆಳುವಾಗಿತ್ತು. ಮೂರು ಸಲ ಹಾಕಿಸಿಕೊಂಡೆ. ಸಂಜೆ ಕಿಂಗ್ಸ್ ಸರ್ಕಲ್ ಬದಿಗೆ ನಡೆದು, 1940ರಿಂದ ಇರುವ ಕೆಫೆ ಮದ್ರಾಸ್‌ನ ಹೊರಗೆ ಹೆಸರು ಬರೆಸಿ ಕಾದು, ಅಪರಿಚಿತರ ಜೊತೆ ಒಂದೇ ಮೇಜಿನಲ್ಲಿ ರಸಂ ವಡೆ ತಿಂದೆ. ಇಲ್ಲಿ ಊಟಕ್ಕಿಂತ ಅಂಗಡಿಗಳಿಗೆ ಹೆಚ್ಚು ಹೊತ್ತು ಕೊಡಬೇಕು. ಎಳೆ ಬಾಳೆಎಲೆಯ ಕಟ್ಟು, ಮಾರುದ್ದದ ಮಲ್ಲಿಗೆ, ಹಪ್ಪಳ ಸಂಡಿಗೆ, ಕಣ್ಣೆದುರೇ ಬೀಸಿಕೊಡುವ ಕಾಫಿಪುಡಿ, ಇವೆಲ್ಲ ನಾಲ್ಕು ಹೆಜ್ಜೆಗೊಂದರಂತೆ ಸಿಗುವ ಬೀದಿ ಆ ನಗರದಲ್ಲಿ ಇನ್ನೊಂದನ್ನು ನಾನು ಕಾಣಲಿಲ್ಲ.

ಇನ್ನೊಂದು ದಿನ ಲಾಲ್‌ಬಾಗಿಗೆ. ಗಿರಣಿಗಳ ಊರು ಎಂಬ ಅರ್ಥದ ಗಿರಣಗಾಂವ್ ಎಂಬ ಹೆಸರು ಈ ಪ್ರದೇಶಕ್ಕೆ ಈಗಲೂ ಉಂಟು, ಆ ಬಟ್ಟೆ ಗಿರಣಿಗಳು ಮಾತ್ರ ಇಲ್ಲ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಮೇಲೆ ಬಹಳಷ್ಟು ಗಿರಣಿಗಳು ತೆರೆಯಲೇ ಇಲ್ಲ. ಆ ಕಾರ್ಮಿಕರಲ್ಲಿ ಕೊಂಕಣ, ಸಾತಾರ, ಕೊಲ್ಹಾಪುರ ಕಡೆಗಳಿಂದ ಒಂಟಿಯಾಗಿ ಬಂದವರೇ ಬಹಳ, ಅವರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕುತ್ತಿದ್ದವರು ಚಾಳುಗಳ ಖಾನಾವಳಿಯ ಹೆಂಗಸರು. ಸಾಲದವರ ಕಾಟದಲ್ಲಿದ್ದ ಇಂಥ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಒಟ್ಟುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಖಾನಾವಳಿ ಎಂಬ ಮಾತು ನಮ್ಮ ಉತ್ತರ ಕರ್ನಾಟಕದಲ್ಲೂ ಬದುಕಿದೆಯಷ್ಟೆ. ಇಲ್ಲಿ ಅದರ ಹಿಂದೆ ಇಷ್ಟೊಂದು ಬೆವರು ಇದೆಯೆಂದು ನನಗೆ ತಿಳಿದಿರಲಿಲ್ಲ.

ಆ ಖಾನಾವಳಿಗಳ ಮಸಾಲೆಯ ವಾಸನೆ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ ಉಳಿದುಕೊಂಡಿದೆ. ಮಳೆಗಾಲಕ್ಕೆ ಮುಂಚೆ ವರ್ಷದ ಖಾರದ ಪುಡಿ ಮಾಡಿಸಿಟ್ಟುಕೊಳ್ಳುವ ಕಾಲವಾದ್ದರಿಂದ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಡ್ಡೆ ಹಾಕಿದ ಮೆಣಸಿನಕಾಯಿಯಲ್ಲಿ ಕೈಯಾಡಿಸಿ, ಒಂದನ್ನು ಮುರಿದು ಬೀಜ ನೋಡಿ, ಮೂಸಿ, ಬೆಲೆ ಚೌಕಾಸಿ ಮಾಡಿ, ಕೊಂಡದ್ದನ್ನು ಹುರಿಸಿ, "ಡಂಕ್" ಎಂದು ಕರೆಯುವ ಕುಟ್ಟುವ ಯಂತ್ರಕ್ಕೆ ಒಯ್ಯುವ ಹೆಂಗಸರು ತಮ್ಮ ಸರದಿ ಬರುವ ತನಕ ಚೀಲದ ಮೇಲೆಯೇ ಕೂತಿದ್ದರು. ಬಣ್ಣಕ್ಕೆ ಬ್ಯಾಡಗಿ, ಪರಿಮಳಕ್ಕೆ ಬೆಳಗಾವಿ ಜಿಲ್ಲೆಯ ಊರಿನ ಹೆಸರು ಹೊತ್ತ ಸಂಕೇಶ್ವರಿ, ಖಾರಕ್ಕೆ ಗುಂಟೂರು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಇಲ್ಲಿ ಮಾಲ್ವಣಿ ಮಸಾಲೆಯೊಳಗೆ ಸೇರಿ ಮೀನಿನ ಸಾರಿಗೆ ಬಣ್ಣ ಕೊಡುತ್ತದೆ. ಸುಕ್ಕು ಹೆಚ್ಚಿದ್ದಷ್ಟೂ ಒಳ್ಳೆಯದೇ ಎಂದು ನಾನು ಕೇಳಿದ್ದಕ್ಕೆ ಅಂಗಡಿಯ ಅಜ್ಜಿ, "ಸುಕ್ಕು ಎಲ್ಲರಿಗೂ ಬರುತ್ತದೆ ಅಪ್ಪಾ, ಮುರಿದಾಗ ಸಪ್ಪಳ ಬರುತ್ತದಾ ನೋಡು" ಎಂದಳು. ನಾನು ಮುರಿದೆ, ಸೀನಿದೆ, ಒಂದು ಕಿಲೋ ಮಾಲ್ವಣಿ ಮಸಾಲೆ ಕೊಂಡೆ.

ಡಬ್ಬಿಯ ಪ್ರಶ್ನೆಯನ್ನು ಅಲ್ಲಿಯೂ ಕೇಳಿದಾಗ, ಸರದಿಯಲ್ಲಿದ್ದವರೆಲ್ಲ ಒಟ್ಟಿಗೆ "ವಡಾಪಾವ್" ಎಂದರು. 1966ರ ಸುಮಾರಿಗೆ ದಾದರ್ ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಅದನ್ನು ಮೊದಲು ಮಾರಿದರೆಂದು ಹೇಳುತ್ತಾರೆ. ಒಂದೇ ಮಾತು ಹೇಳುತ್ತೇನೆ: ಗಾಡಿಯ ಹೆಸರು ಹುಡುಕಬೇಡಿ, ಬಾಣಲೆಯಿಂದ ಈಗಷ್ಟೇ ಎತ್ತುತ್ತಿರುವ ಗಾಡಿಯೆದುರು ನಿಲ್ಲಿ. ಆರಿದ ವಡೆಗೆ ಯಾವ ಕೀರ್ತಿಯೂ ಉಪಯೋಗಕ್ಕೆ ಬರುವುದಿಲ್ಲ.

ಮಹಮ್ಮದಲಿ ರಸ್ತೆಯನ್ನು ನಾನು ಸರಿಯಾಗಿ ನೋಡಲಿಲ್ಲ. ಮಿನಾರಾ ಮಸೀದಿಯ ಬಳಿ 1936ರಿಂದ ಇರುವ ಸುಲೇಮಾನ್ ಉಸ್ಮಾನ್ ಮಿಠಾಯಿವಾಲಾದಲ್ಲಿ ಮಣ್ಣಿನ ಬಟ್ಟಲಿನ ಫಿರ್ನಿ ತಿಂದು, ಜನಸಂದಣಿಗೆ ಹೆದರಿ ಹಿಂದಿರುಗಿದೆ. 1869ರಲ್ಲಿ ಕಟ್ಟಿ ಮುಗಿಸಿದ ಕ್ರಾಫರ್ಡ್ ಮಾರುಕಟ್ಟೆಯಲ್ಲಿ ಹಾಪೂಸ್ ಮಾವಿನ ಪೆಟ್ಟಿಗೆಗಳು ಗೋಡೆಯಂತೆ ಏರಿದ್ದವು. ರತ್ನಾಗಿರಿಯ ಚೀಟಿ ಅಂಟಿದ್ದೆಲ್ಲ ರತ್ನಾಗಿರಿಯದಲ್ಲ, ಅದರಲ್ಲಿ ಕರ್ನಾಟಕದ ಹಣ್ಣೂ ಸೇರಿರುತ್ತದೆ ಎಂಬ ದೂರು ಹಳೆಯದು. ಪೆಟ್ಟಿಗೆಯ ಮೇಲಿನ ಸಾಲನ್ನಷ್ಟೇ ನೋಡದೆ ಕೆಳಗಿನ ಸಾಲಿನ ಎರಡು ಹಣ್ಣನ್ನು ತೆಗೆಸಿ ಮೂಸಿದ ಮೇಲೆ ಒಂದು ಡಜನ್ ಕೊಂಡೆ.

ಕೊನೆಯ ಬೆಳಿಗ್ಗೆ, ರೈಲಿಗೆ ಮುನ್ನ, ಗ್ರಾಂಟ್ ರೋಡ್ ನಿಲ್ದಾಣದ ಎದುರಿನ ಬಿ. ಮೆರ್ವಾನ್ ಇರಾನಿ ಹೋಟೆಲಿಗೆ ಹೋದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇರಾನಿನ ಯಜ್ದ್, ಕೆರ್ಮಾನ್ ಕಡೆಗಳಿಂದ ಬಂದವರು ಇಲ್ಲಿನ ಬೀದಿಯ ಮೂಲೆಗಳಲ್ಲಿ ತೆರೆದ ಚಹಾದಂಗಡಿಗಳಲ್ಲಿ ಇದು 1914ರದು. ಇಲ್ಲಿಯ ಮಾವಾ ಕೇಕು ಬೆಳಿಗ್ಗೆ ಬೇಗ ಖರ್ಚಾಗಿಬಿಡುತ್ತದೆಂದು ಕೇಳಿದ್ದರಿಂದ ಕತ್ತಲಿರುವಾಗಲೇ ಎದ್ದಿದ್ದೆ. ಅಮೃತಶಿಲೆಯ ಮೇಜಿನ ಆಚೆ ಬದಿಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬ್ರುನ್ ಮಸ್ಕಾವನ್ನು, ಅಂದರೆ ಬೆಣ್ಣೆ ಸವರಿದ ಗಟ್ಟಿ ಬನ್ನನ್ನು, ಚಹಾದಲ್ಲಿ ಅದ್ದಿ, ಗಟ್ಟಿ ಸಿಪ್ಪೆ ಮೆತ್ತಗಾಗುವುದನ್ನೇ ನೋಡುತ್ತ ಕೂತಿದ್ದರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರಂತೆ. ರಾತ್ರಿ ಪಾಳಿ ಮುಗಿಸಿ ಬರುವಾಗ ಇಲ್ಲಿ ತಿನ್ನುವುದು ರೂಢಿಯಾಯಿತು ಎಂದರು. ಅಂದರೆ ಮನೆಯಲ್ಲಿ ತಿಂಡಿಗೆ ಅನುಕೂಲವಿರಲಿಲ್ಲವೇನೋ ಎಂದು, ನನ್ನ ಐದು ದಿನದ ಲೆಕ್ಕಾಚಾರದ ಮೇಲೆ ಭರವಸೆಯಿಟ್ಟು ಕೇಳಿದೆ. ಅವರು ಬಾಯಿ ಒರೆಸಿಕೊಂಡು, "ಛೇ, ಹಾಗೇನಿಲ್ಲ. ಎಂಟು ಗಂಟೆಗೆ ಮನೆಯಲ್ಲಿ ಪೋಹೆ ಕಾದಿರುತ್ತದೆ, ಹೋಗಿ ಅದನ್ನೂ ತಿನ್ನಬೇಕು" ಎಂದು ಇನ್ನೊಂದು ಚಹಾ ತರಲು ಹೇಳಿದರು.