ಸಿಹಿ ಡಬ್ಬಿಯ ರೂಲ್ಸು

ಜಪಾನಿನಲ್ಲಿ ಇನ್ನೊಂದು ಕಂಪನಿಗೆ ಹೋಗುವಾಗ ಸಿಹಿ ಡಬ್ಬಿ ಒಯ್ಯುವುದು ರೂಢಿ. ಚೀಲದಿಂದ ಹೊರತೆಗೆದು, ಅವರ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಕೊಡಬೇಕು. ಒಳಗಿನ ಒಂದೊಂದು ಬಿಸ್ಕತ್ತಿಗೂ ಬೇರೆ ಬೇರೆ ಪೊಟ್ಟಣ, ವಿಭಾಗದ ಎಲ್ಲರ ಮೇಜಿಗೂ ಹಂಚಲು ಸುಲಭ ಆಗಲಿ ಅಂತ. ಕೊಟ್ಟವರ ಎದುರೇ ಬಿಚ್ಚುವುದು ಸಾಮಾನ್ಯವಾಗಿ ಇಲ್ಲ. ನನಗಾದರೆ ಕೈ ಸುಮ್ನೆ ಇರೋದು ಕಷ್ಟ! ಬೇಸಿಗೆಗೆ ಒಚೂಗೆನ್, ಡಿಸೆಂಬರಿಗೆ ಒಸೇಬೊ ಅಂತ ವರ್ಷಕ್ಕೆ ಎರಡು ಸುತ್ತು ಉಡುಗೊರೆ ಬೇರೆ.

ಸರ್ಕಾರಿ ಕಚೇರಿಯಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. 2000ದ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ, ತಮ್ಮಿಂದ ಕೆಲಸ ಆಗಬೇಕಾದವರ ಉಡುಗೊರೆಯನ್ನು ಕೇಂದ್ರ ಸರ್ಕಾರದ ನೌಕರರು ಮುಟ್ಟುವಂತಿಲ್ಲ. ಬೇರೆ ಕಂಪನಿಗಳದ್ದೂ 5,000 ಯೆನ್ ದಾಟಿದರೆ ಮೇಲಿನ ಹಂತದ ಅಧಿಕಾರಿಗಳು ವರದಿ ಕೊಡಬೇಕು. ಊರಿಗೆಲ್ಲ ಹಂಚುವ ಕ್ಯಾಲೆಂಡರ್ ಆದರೆ ಅಡ್ಡಿಯಿಲ್ಲ. ಗೋಡೆಗಾದರೂ ಲಾಭ, ಅಲ್ವಾ?